ಒಲೆ ಯಾರದು

ಆ ಊರಿನಲ್ಲಿ ಬೆಂಕಿ ಹೊತ್ತಿಸುವ ಹಾಗಿರಲಿಲ್ಲ. ಬೆಂಕಿಯನ್ನು ಕೇಳಿ ತರಬೇಕಾಗಿತ್ತು.

ಬೆಳಗಾದರೆ ಕೋಟೆಯ ಬಾಗಿಲಲ್ಲಿ ತಮಟೆ ಮೂರು ಸಲ ಬಡಿಯುತ್ತಿತ್ತು. ಮನೆಗೊಬ್ಬರಂತೆ ಮಣ್ಣಿನ ಕುಡಿಕೆ ಹಿಡಿದು ಬಂದು ಸಾಲು ನಿಲ್ಲುತ್ತಿದ್ದರು. ಬಾಗಿಲಲ್ಲಿ ನಿಂತವನು ಒಬ್ಬೊಬ್ಬರನ್ನೇ ಕೇಳುತ್ತಿದ್ದ, "ಒಲೆ ಯಾರದು?" ಒಬ್ಬೊಬ್ಬರೇ ಹೇಳುತ್ತಿದ್ದರು, "ಕೋಟೆಯದು." ಹೇಳಿದವರ ಕುಡಿಕೆಗೆ ಮೂರು ಕೆಂಡ ಬೀಳುತ್ತಿತ್ತು. ಸಂಜೆ ಕೊಂಬು ಊದಿದ ಕೂಡಲೇ ಅವರವರ ಒಲೆಗೆ ಅವರವರೇ ನೀರು ಹೊಯ್ಯಬೇಕು. ಮಾರನೆಯ ಬೆಳಗ್ಗೆ ಮತ್ತೆ ತಮಟೆ, ಮತ್ತೆ ಕುಡಿಕೆ, ಮತ್ತೆ ಆ ಮಾತು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದವನು ನಾನೇ. ಹಾಗೆ ನೋಡಬೇಡಿ. ಕೋಟೆಯವರಿಗೆ ನಮ್ಮ ಮಾತು ಬರುತ್ತಿರಲಿಲ್ಲ ಅಂತೇನಲ್ಲ, ಚೆನ್ನಾಗಿಯೇ ಬರುತ್ತಿತ್ತು. ಆದರೂ ಆ ಪ್ರಶ್ನೆಯನ್ನು ಊರಿನವನ ಬಾಯಿಂದಲೇ ಕೇಳಿಸಬೇಕು ಅನ್ನುವುದು ಅವರ ಕಟ್ಟಳೆ. ನಮ್ಮಪ್ಪ ಕೇಳುವವನಾಗಿದ್ದ. ಅವನು ಹೋದ ಮೇಲೆ ತಮಟೆ ನನ್ನ ಹೆಗಲಿಗೆ ಬಂತು. ಅದರಿಂದ ನನಗೆ ಸಿಗುತ್ತಿದ್ದದ್ದೇನು? ಸಾಲಿನಲ್ಲಿ ನಿಲ್ಲದೆ ಮೊದಲ ಕೆಂಡ. ಅಷ್ಟಕ್ಕೇ ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದೆ, ಬುದ್ಧಿಗೇಡಿ.

ಚಕಮಕಿ ಕಲ್ಲು ಉಜ್ಜಿದರೆ ಆಗುತ್ತಿರಲಿಲ್ಲವೇ ಅಂತ ಕೇಳುತ್ತೀರಿ. ಆ ಕಲ್ಲುಗಳನ್ನೆಲ್ಲ ನಮ್ಮ ಮುತ್ತಜ್ಜಂದಿರ ಕಾಲದಲ್ಲೇ ಆಯಿಸಿ, ಬಂಡಿಗೆ ಹೇರಿಸಿ, ಕೋಟೆಯ ಗೋಡೆಗೆ ಕಟ್ಟಿಬಿಟ್ಟಿದ್ದರು. ಆಯ್ದುಕೊಟ್ಟವರೂ ನಮ್ಮ ಮುತ್ತಜ್ಜಂದಿರೇ. ಕೆಂಡಕ್ಕೆ ಬೂದಿ ಮುಚ್ಚಿಟ್ಟರೆ ಬೆಳಗಿನವರೆಗೂ ಉಳಿಯುತ್ತದೆ ಎಂಬ ವಿದ್ಯೆ ಹಿಂದೆ ಎಲ್ಲರಿಗೂ ಗೊತ್ತಿತ್ತಂತೆ. ನಮ್ಮ ಕಾಲಕ್ಕೆ ಅದೂ ಮರೆತುಹೋಗಿತ್ತು. ಬೂದಿ ಬಿದ್ದರೆ ಕೆಂಡ ಸಾಯುತ್ತದೆ ಅಂತಲೇ ಎಲ್ಲರೂ ತಿಳಿದಿದ್ದರು, ನಾನೂ ತಿಳಿದಿದ್ದೆ.

ಊರಿಗೆಲ್ಲ ಒಬ್ಬಳೇ ಸೂಲಗಿತ್ತಿ. ಆ ಊರಿನಲ್ಲಿ ಉಸಿರಾಡುತ್ತಿದ್ದ ಮುಕ್ಕಾಲು ಮಂದಿ ಅವಳ ಕೈಗೇ ಮೊದಲು ಬಿದ್ದವರು, ನಾನೂ ಸೇರಿ. ಮಗು ಹುಟ್ಟಿದರೆ ಅದಕ್ಕೂ ಕಟ್ಟಳೆ ಇತ್ತು. ನಾನು ಆ ಮನೆಯ ಹೊಸ್ತಿಲಾಚೆ ನಿಂತು ಕೇಳಬೇಕು, "ಒಲೆ ಯಾರದು?" ಸೂಲಗಿತ್ತಿ ಒಳಗಿನಿಂದ ಮಗುವಿನ ಪರವಾಗಿ ಹೇಳಬೇಕು, "ಕೋಟೆಯದು." ಆಮೇಲೆಯೇ ಮಗುವಿನ ನೀರಿಗೆ ಬೆಂಕಿ. ಕೂಸು ಕಣ್ಣು ಬಿಡುವ ಮುಂಚೆ ಅದರ ಮಾತು ಹೋಗಿರುತ್ತಿತ್ತು. ಒಂದು ಮಾತು ತಾನೇ, ಬಾಯೇನು ಸವೆದುಹೋಗುತ್ತದಾ ಅಂತ ನಾವು ಅನ್ನುತ್ತಿದ್ದೆವು.

ಚಳಿಗಾಲ ಶುರುವಾದ ಒಂದು ಬೆಳಗ್ಗೆ ಸೂಲಗಿತ್ತಿ ಸಾಲಿನಲ್ಲಿ ಬಂದಳು. ಅವಳ ಸರದಿ ಬಂತು. ನಾನು ಮುಖ ಕೂಡ ನೋಡದೆ ಕೇಳಿದೆ, "ಒಲೆ ಯಾರದು?"

"ನಂದು," ಅಂದಳು.

"ಅವ್ವಾ, ಬೆಳಬೆಳಗ್ಗೆ ತಮಾಷೆ ಮಾಡಬ್ಯಾಡ. ಹಿಂದೆ ಇಷ್ಟುದ್ದ ಸಾಲು ಐತೆ."

"ತಮಾಷೆ ಅಲ್ಲ ಕಣೋ ಮಗಾ. ಆ ಒಲೆಗೆ ಮಣ್ಣು ತುಳಿದೋಳು ನಾನು, ಮೆತ್ತಿದೋಳು ನಾನು, ದಿನಾ ಸಾರಿಸೋಳು ನಾನು. ಇಷ್ಟು ವರ್ಷ ಕೋಟೇದು ಕೋಟೇದು ಅಂತಿದ್ನಲ್ಲ, ನನ್ನ ನಾಲಿಗೆಗೆ ಏನು ಬಂದಿತ್ತೋ! ಈಗ ನನ್ನ ಮಗಳಿಗೇ ದಿನ ತುಂಬ್ತಾ ಐತೆ. ಆ ಕೂಸಿನ ಬಾಯಲ್ಲೂ ನಾನೇ ಈ ಮಾತು ಇಡಬೇಕಾ? ನನ್ನ ಕೈಲಿ ಆಗಲ್ಲ."

"ಹಂಗಾದ್ರೆ ಬೆಂಕಿ ಇಲ್ಲ."

"ಬ್ಯಾಡ ಬಿಡು."

ಬೈಯಲಿಲ್ಲ, ಕೂಗಲಿಲ್ಲ. ಖಾಲಿ ಕುಡಿಕೆಯನ್ನು ಸೊಂಟಕ್ಕೆ ಇಟ್ಟುಕೊಂಡು ಸಾಲಿನ ಉದ್ದಕ್ಕೂ ಎಲ್ಲರಿಗೂ ಕಾಣುವ ಹಾಗೆ ನಡೆದುಹೋದಳು.

ಆ ಊರಿನಲ್ಲಿ ಒಲೆ ಹೊತ್ತದ ಮನೆ ಅಂದರೆ ಸಾವಾದ ಮನೆ. ಸಾವಾದ ಮನೆಯವರು ಮೂರನೆಯ ದಿನದವರೆಗೆ ತಾವಾಗಿ ಒಲೆ ಹೊತ್ತಿಸುವುದಿಲ್ಲ, ನೆರೆಯವರು ಅನ್ನ ತರುತ್ತಾರೆ. ಅದು ಕೋಟೆಗಿಂತ ಹಳೆಯ ಪದ್ಧತಿ. ಅಂದು ಸೂಲಗಿತ್ತಿಯ ಮಾಡಿನಿಂದ ಹೊಗೆ ಏಳದ್ದು ನೋಡಿ ನೆರೆಯ ಹೆಂಗಸರು ಓಡಿಬಂದರು. "ಅಯ್ಯೋ, ಯಾರು ಹೋದ್ರವ್ವ?" ಅಂತ ಕೇಳಿದರು.

"ಯಾರೂ ಹೋಗಿಲ್ಲ," ಅಂದಳು. "ಒಬ್ಬರು ಬರೋರಿದ್ದಾರೆ. ಅವರಿಗೋಸ್ಕರ."

ಎರಡನೆಯ ದಿನ ಸಾಲಿನಲ್ಲಿ ನಾಲ್ಕು ಕುಡಿಕೆ ಕಮ್ಮಿ. ನಾಲ್ಕನೆಯ ದಿನ ಅರ್ಧ ಸಾಲೇ ಇಲ್ಲ. ಹತ್ತನೆಯ ದಿನ ನಾನು ತಮಟೆ ಬಡಿದೆ, ಬಡಿದೆ, ತೋಳು ನೋಯುವವರೆಗೆ ಬಡಿದೆ. ಒಂದು ನಾಯಿ ಬಂದು ಮೂಸಿ ಹೋಯಿತು. ಊರಿಗೆ ಊರೇ ನೆನೆಹಾಕಿದ ಕಾಳು, ಬೆಲ್ಲ, ಹಸಿ ಸೌತೆಕಾಯಿ ತಿಂದುಕೊಂಡು ಕೂತಿತ್ತು. ಬೆಚ್ಚಗೆ ಉಣ್ಣುತ್ತಿದ್ದವನು ನಾನೊಬ್ಬನೇ. ಮನೆಯ ಹೊಗೆ ಮಾಡಿನ ಮೇಲೆ ಎದ್ದಾಗ ನನಗೇ ನಾಚಿಕೆಯಾಗುತ್ತಿತ್ತು, ಆದರೂ ಉಣ್ಣುತ್ತಿದ್ದೆ.

ಎಲ್ಲರಿಗಿಂತ ಹೆಚ್ಚು ಕುದಿಯುತ್ತಿದ್ದವನು ಕಮ್ಮಾರ. ಬೆಂಕಿಯಿಲ್ಲದ ಕುಲುಮೆ ಇಟ್ಟುಕೊಂಡು ಅವನೇನು ಮಾಡಬೇಕು? ಸುತ್ತಿಗೆ ಹೆಗಲ ಮೇಲಿಟ್ಟುಕೊಂಡು, ಹಿಂದೆ ಹತ್ತು ಜನರನ್ನು ಕಟ್ಟಿಕೊಂಡು ಸೂಲಗಿತ್ತಿಯ ಜಗಲಿಗೆ ಬಂದ.

"ಹೂಂ ಅನ್ನವ್ವ. ನಾಲ್ಕು ಏಟಿಗೆ ಆ ಬಾಗಿಲು ಪುಡಿ ಮಾಡ್ತೀನಿ. ಒಳಗೆ ಬೇಕಾದಷ್ಟು ಬೆಂಕಿ ಐತೆ."

"ಒಡೀತೀಯ. ಆಮ್ಯಾಕೆ?"

"ಆಮ್ಯಾಕೆ ಬೆಂಕಿ ನಮ್ಮ ಕೈಗೆ ಬತ್ತದೆ."

"ನಿನ್ನ ಕೈಗೆ ಬತ್ತದೆ. ಬಾಗಿಲು ಕಾಯೋಕೆ ನೀನು ನಿಲ್ತೀಯ. ನಾಕು ದಿನ ಕಳೆದ ಮೇಲೆ ನೀನೂ ಕೇಳ್ತೀಯ, ಒಲೆ ಯಾರದು ಅಂತ. ಸುತ್ತಿಗೆ ಕೆಳಗಿಡು. ಕಾಳು ನೆನೆಹಾಕಿದೀನಿ, ತಿಂದು ಹೋಗು."

ಕಮ್ಮಾರ ಗೊಣಗಿದ, ಗೊಣಗುತ್ತಲೇ ತಿಂದ. ಆಮೇಲೆ ಆ ಸುತ್ತಿಗೆಯಿಂದ ಅವನು ಮಾಡಿದ್ದು ಒಂದೇ ಕೆಲಸ, ಊರಿನ ಹಿಂದಿನ ಬಂಡೆಯ ಉಬ್ಬುತಗ್ಗು ಒಡೆದು ಸಮ ಮಾಡಿದ್ದು. ಆ ಬಂಡೆಯ ಮೇಲೆ ಬೆಳಗ್ಗೆಯಿಂದ ಊರಿನವರ ತಾಮ್ರದ ಕೊಡ, ಹಿತ್ತಾಳೆ ಬಿಂದಿಗೆ ಎಲ್ಲ ನೀರು ತುಂಬಿ ಬಿಸಿಲಿಗೆ ಕೂರುತ್ತಿದ್ದವು. ಇಳಿಹೊತ್ತಿಗೆ ಕೈ ಅದ್ದಿದರೆ ಹಿತವಾಗಿ ಸುಡುತ್ತಿತ್ತು. ಅದರಲ್ಲೇ ಹಸುಗೂಸುಗಳಿಗೆ, ಮುದುಕರಿಗೆ ಸ್ನಾನ. ಸೂಲಗಿತ್ತಿ ತನ್ನ ಮಗಳ ಹೊಟ್ಟೆಗೆ ಆ ನೀರಿನಲ್ಲಿ ಬಟ್ಟೆ ಹಿಂಡಿ ಕಾವು ಕೊಡುತ್ತಿದ್ದಳು.

ಇದು ಕೋಟೆಯ ಪಾರುಪತ್ಯಗಾರರ ಕಿವಿಗೆ ಬಿತ್ತು. ಬೆಳ್ಳಗಿನ ರುಮಾಲು ಸುತ್ತಿದ, ದನಿ ಎತ್ತರಿಸದ ಮನುಷ್ಯ. ನನ್ನನ್ನು ಕರೆಸಿದರು. "ಬಂಡೆಯ ಬಳಿಗೆ ಹೋಗು. ಬಿಸಿಲು ಯಾರದು ಎಂದು ಕೇಳು," ಅಂದರು.

ಹೋದೆ. ದೇವರಾಣೆಗೂ ಹೋದೆ. ತಮಟೆ ಬಡಿದು, ಗಂಟಲು ಸರಿಮಾಡಿಕೊಂಡು, ಊರಿನ ಮುಂದೆ ನಿಂತು ಕೇಳಿದೆ, "ಬಿಸಿಲು ಯಾರದು?"

ಎಲ್ಲರೂ ತಲೆ ಎತ್ತಿ ಮೇಲೆ ನೋಡಿದರು. ನಾನೂ ನೋಡಿದೆ. ಕಣ್ಣಲ್ಲಿ ನೀರು ಬಂದು ಸೀನು ಬಂತು. ಮೊದಲು ಒಬ್ಬ ಮುದುಕಿ ಕಿಸಕ್ಕಂದಳು, ಆಮೇಲೆ ಇಡೀ ಬಂಡೆ ನಕ್ಕಿತು. ಆ ಚಳಿಗಾಲದಲ್ಲಿ ಊರು ನಕ್ಕಿದ್ದು ಅದೊಂದೇ ಸಲ. ಪಾರುಪತ್ಯಗಾರರಿಗೆ ನಾನು ಏನಂತ ಹೇಳಲಿ? ಉತ್ತರ ಬರಲಿಲ್ಲ ಬುದ್ಧಿ, ಅಂತಷ್ಟೇ ಹೇಳಿದೆ.

ಅವರು ನಗಲಿಲ್ಲ. ಮಾರನೆಯ ದಿನ ಸೂಲಗಿತ್ತಿಯನ್ನು ಹಿಡಿದು ತರಿಸಿದರು. "ನಿನಗೆ ಈ ಊರಿನ ಕಟ್ಟಳೆ ಬೇಡ. ಹಾಗಾದರೆ ಈ ಊರೂ ನಿನ್ನದಲ್ಲ," ಎಂದು ಗಡಿಕಲ್ಲಿನಾಚೆ ಬಿಡಿಸಿದರು. ಇಬ್ಬರು ಈಟಿಯವರನ್ನು ಕಾವಲಿಟ್ಟರು. ಅವಳು ಊರೊಳಗೆ ಕಾಲಿಡಬಾರದು. ಇಡಬೇಕೆಂದರೆ ಒಂದೇ ದಾರಿ, ಕೇಳುವವನು ಕೇಳಿದ್ದಕ್ಕೆ ಉತ್ತರ ಹೇಳಬೇಕು.

ಹೊರಡುವ ಮುಂಚೆ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಲು ಬಿಟ್ಟರು. ನಾನು ಅಲ್ಲೇ ನಿಂತಿದ್ದೆ. ಅವಳ ಕೈ ಒಂದು ಕಡೆ ನಿಂತುಬಿಟ್ಟಿತು.

"ಅಡ್ಡ ಮಲಗೈತೆ ಕೂಸು," ಅಂದಳು. "ನೋವು ಶುರುವಾದಾಗ ಒಳಗೆ ತಿರುಗಿಸಬೇಕು. ಇಲ್ಲದಿದ್ರೆ..."

ಆ ಊರಿನಲ್ಲಿ ಒಳಗಿನ ಕೂಸನ್ನು ತಿರುಗಿಸಬಲ್ಲ ಕೈ ಎರಡೇ ಇದ್ದವು, ಆ ಎರಡನ್ನೂ ಗಡಿಯಾಚೆಗೆ ಕಳಿಸುತ್ತಿದ್ದರು.

ಅವಳು ದೂರ ಹೋಗಲಿಲ್ಲ. ಗಡಿಕಲ್ಲಿಗೆ ಒರಗಿ ಕೂತಳು. ಉತ್ತರ ಹೇಳದೆ ತನ್ನ ಊರಿಗೆ ತಾನು ಹೋಗುವವರೆಗೆ ಅನ್ನ ಮುಟ್ಟುವುದಿಲ್ಲ ಅಂದಳು. ನೀರೊಂದೇ ಕುಡಿಯುತ್ತಿದ್ದಳು. ದಿನಾ ಬೆಳಗ್ಗೆ ನಾನು ಹೋಗಿ ಕೇಳುತ್ತಿದ್ದೆ, "ಒಲೆ ಯಾರದು?" ಅವಳು ದಿನಾ ಹೇಳುತ್ತಿದ್ದಳು, "ನಂದು. ನಿನ್ನ ಊಟ ಆಯ್ತಾ ಮಗಾ?" ಆ ಎರಡನೆಯ ಮಾತು ನನ್ನ ಎದೆಗೆ ಒದ್ದ ಹಾಗೆ ಆಗುತ್ತಿತ್ತು. ಅವಳ ಕೆನ್ನೆ ಒಳಗೆ ಹೋಯಿತು, ಬಳೆ ಮೊಣಕೈವರೆಗೆ ಜಾರತೊಡಗಿತು. ಹದಿನೈದು ದಿನ ಹೀಗೆ ನಡೆಯಿತು.

ಹದಿನಾರನೆಯ ದಿನ ಬಿಸಿಲೇ ಬರಲಿಲ್ಲ. ಮೋಡ ಊರಿನ ನೆತ್ತಿಯ ಮೇಲೆ ಕೂತುಬಿಟ್ಟಿತ್ತು. ಬಂಡೆಯ ಮೇಲಿನ ಕೊಡಗಳ ನೀರು ಮಂಜಿನ ಹಾಗೆ ಕೊರೆಯುತ್ತಿತ್ತು. ಅಂದೇ ಮಗಳಿಗೆ ನೋವು ಶುರುವಾಯಿತು.

ಪಾರುಪತ್ಯಗಾರರು ನನ್ನ ಕೈಗೆ ಕೆಂಡ ತುಂಬಿದ ದೊಡ್ಡ ಮಡಿಕೆ ಕೊಟ್ಟರು. "ಹೋಗು. ಒಂದೇ ಒಂದು ಮಾತು ಅವಳು ಹೇಳಲಿ. ಕೂಡಲೇ ಒಳಗೆ ಬಿಡು, ಬೆಂಕಿಯನ್ನೂ ಕೊಡು. ತಾಯಿಯಾದವಳು ಇಂದು ಹೇಳದೆ ಇರಲಾರಳು," ಅಂದರು. ಪಾಪಿ, ಲೆಕ್ಕಾಚಾರ ಸರಿಯಾಗಿಯೇ ಮಾಡಿದ್ದ. ನನಗೂ ಹಾಗೇ ಅನ್ನಿಸಿತ್ತು. ಹೇಳಿಬಿಡಲಿ ದೇವರೇ, ಎಲ್ಲ ಮುಗಿದುಹೋಗಲಿ ಅಂತ ದಾರಿಯುದ್ದಕ್ಕೂ ಬೇಡಿಕೊಂಡೆ.

ಗಡಿಕಲ್ಲಿನ ಬಳಿ ನಿಂತು ವಿಷಯ ಹೇಳಿದೆ. ಮಗಳಿಗೆ ನೋವು ಬಂದಿದೆ, ಬಟ್ಟೆ ಒದ್ದೆಯಾಗಿದೆ, ಇನ್ನೂ ಕೂಸು ಅಡ್ಡವೇ ಇದೆ. ಸೂಲಗಿತ್ತಿ ಕಲ್ಲು ಹಿಡಿದು ಎದ್ದುನಿಂತಳು. ತುಟಿ ಅದುರುತ್ತಿತ್ತು. ಆ ಮಾತು ಅವಳ ಬಾಯಿಯವರೆಗೂ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಬಂದಿರಲಿಲ್ಲ ಅಂತ ಸುಳ್ಳು ಹೇಳಿ ಅವಳನ್ನು ದೇವರು ಮಾಡಲಾರೆ.

"ಕೇಳು," ಅಂದಳು. "ಬೇಗ ಕೇಳು."

ಕೇಳಲು ಬಾಯಿ ತೆರೆಯುವಷ್ಟರಲ್ಲಿ ಊರಿನ ಕಡೆಯಿಂದ ಕೂಗು ಕೇಳಿಸಿತು. ನಾಲ್ಕು ಜನ ಹೆಂಗಸರು ಹೊರಸು ಹೊತ್ತುಕೊಂಡು ಬರುತ್ತಿದ್ದರು. ಹೊರಸಿನ ಮೇಲೆ ಮಗಳು, ಎರಡೂ ಕೈಯಲ್ಲಿ ಹಗ್ಗ ಹಿಡಿದು, ಹಲ್ಲು ಕಚ್ಚಿಕೊಂಡು. ಹಿಂದೆ ಇಡೀ ಊರು, ತಣ್ಣಗಿನ ಕೊಡಗಳನ್ನು ಹೊತ್ತುಕೊಂಡು.

"ಏನೂ ಹೇಳಬ್ಯಾಡ ಅವ್ವಾ!" ಅಂತ ಮಗಳು ದೂರದಿಂದಲೇ ಕೂಗಿದಳು. "ನಾನೇ ಬಂದೆ!"

ಗಡಿಕಲ್ಲಿನ ಈಚೆಗೆ ಹೊರಸು ಇಳಿಸಿದರು, ಮಗಳ ಕಾಲುಗಳು ಗಡಿಯ ಗೆರೆಗೆ ತಾಗುವಂತೆ. ಈಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೂಲಗಿತ್ತಿ ಊರೊಳಗೆ ಕಾಲಿಡಬಾರದು ಅಂತ ಅವರಿಗೆ ಹೇಳಿದ್ದರು. ಕೈಯ ಮಾತನ್ನು ಯಾರೂ ಎತ್ತಿರಲಿಲ್ಲ. ಅವಳು ಗೆರೆಯಾಚೆ ಮಂಡಿಯೂರಿ ಕೂತು, ಕೈಗಳೆರಡನ್ನೂ ಈಚೆಗೆ ಚಾಚಿದಳು.

ಹೆಂಗಸರು ಸೀರೆ ಮರೆಮಾಡಿ ಸುತ್ತ ನಿಂತರು. ನಾನು ಬೆನ್ನು ತಿರುಗಿಸಿ ಮಡಿಕೆ ಹಿಡಿದು ನಿಂತೆ. ಹದಿನಾರು ದಿನ ಅನ್ನ ಕಾಣದ ಕೈ ಒಂದು ಜೀವವನ್ನು ತಿರುಗಿಸುತ್ತಿತ್ತು. ಮಗಳು ಕಿರುಚಿದಳು. ಹೊತ್ತು ಹೋಯಿತು. ಮತ್ತೆ ಕಿರುಚಿದಳು. ಆಮೇಲೆ ಯಾವ ಸದ್ದೂ ಇಲ್ಲ.

ತಿರುಗಿ ನೋಡಿದೆ. ಕೂಸು ಸೂಲಗಿತ್ತಿಯ ಕೈಯಲ್ಲಿತ್ತು. ನೀಲಿ ಬಣ್ಣ. ಅಳುತ್ತಿರಲಿಲ್ಲ. ಅವಳು ಉಜ್ಜಿದಳು, ಊದಿದಳು, ಎದೆಗೆ ಒತ್ತಿಕೊಂಡಳು. ಆದರೆ ಅವಳ ಎದೆಯಲ್ಲೇ ಕಾವು ಎಲ್ಲಿತ್ತು? "ಬಿಸಿನೀರು," ಅಂದಳು. ಎಲ್ಲರೂ ಕೊಡಗಳನ್ನು ನೋಡಿದರು. ಆಮೇಲೆ ಎಲ್ಲರೂ ನನ್ನ ಮಡಿಕೆಯನ್ನು ನೋಡಿದರು.

ಆಗ ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ, ಇಷ್ಟು ಹೇಳಿದ ಮೇಲೆ ಇನ್ನೇನು ಮುಚ್ಚಿಡುವುದು. ಕೂಸು ಹುಟ್ಟಿದೆ, ಬೆಂಕಿ ಬೇಕು, ನಾನು ಮುಂದೆ ನಿಂತಿದ್ದೇನೆ. ಇಪ್ಪತ್ತು ವರ್ಷದ ರೂಢಿ ನೋಡಿ, ನನ್ನ ಬಾಯಿ ತಾನಾಗಿ ತೆರೆಯಿತು.

"ಒಲೆ ಯಾರದು?"

ಯಾರಾದರೂ ನನ್ನ ಮುಖಕ್ಕೆ ಉಗಿದಿದ್ದರೆ ಹಗುರವಾಗುತ್ತಿತ್ತು. ಸೂಲಗಿತ್ತಿ ಕೂಸನ್ನು ಉಜ್ಜುತ್ತಲೇ ತಲೆ ಎತ್ತಿದಳು.

"ನೀನೂ ಹೀಗೇ ನೀಲಿಯಾಗಿ ಹುಟ್ಟಿದ್ದೆ," ಅಂದಳು. "ಇದೇ ಕೈ ನಿನ್ನ ಕಾಲು ಹಿಡಿದು ತಲೆಕೆಳಗೆ ಮಾಡಿ ಅಳಿಸ್ತು. ಆಚೆ ನಿಮ್ಮಪ್ಪ ನಿಂತು ಕೇಳ್ದ. ಒಳಗಿಂದ ನಿನ್ನ ಪರವಾಗಿ ನಾನು ಹೇಳ್ದೆ. ಆ ಮಾತು ಇವತ್ತು ವಾಪಸು ತಗೊಂಡಿದೀನಿ. ನಿನಗೆ ಈಗ ಬಾಯಿ ಐತಲ್ಲ, ನೀನೇ ಹೇಳು. ಒಲೆ ಯಾರದು ಮಗಾ?"

ಕೇಳುವವನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ನಾನು ಮೊದಲ ಕೆಂಡದವನು, ನನ್ನ ಸರದಿಯೇ ಬಂದಿರಲಿಲ್ಲ. ಮಡಿಕೆಯ ಶಾಖ ಅಂಗೈ ಸುಡುತ್ತಿತ್ತು.

"ನಮ್ಮದು," ಅಂದೆ. ದನಿ ಹೊರಗೆ ಬಂತೋ ಇಲ್ಲವೋ ಅಂತ ಮತ್ತೆ ಹೇಳಿದೆ, "ನಮ್ಮದು ಅವ್ವಾ."

ಎರಡು ಕಲ್ಲು ತಂದೆ. ಗಡಿಕಲ್ಲೇ ಮೂರನೆಯದು. ಆ ಮೂರು ಕಲ್ಲಿನ ನಡುವೆ ಮಡಿಕೆ ಬೋರಲು ಹಾಕಿದೆ. ಕಮ್ಮಾರ ಓಡಿಬಂದು ಊದಿದ, ಅವನಷ್ಟು ಚೆನ್ನಾಗಿ ಊದುವವರು ಯಾರಿದ್ದರು! ಈಟಿಯವರಲ್ಲಿ ಒಬ್ಬ ಈಟಿ ಕೆಳಗಿಟ್ಟು ಒಣ ಮುಳ್ಳು ಮುರಿದು ತಂದ. ಒಂದು ಕೊಡ ಏರಿತು, ನೀರು ಬೆಚ್ಚಗಾಯಿತು. ಎರಡನೆಯ ತಂಬಿಗೆ ಬೆನ್ನಿನ ಮೇಲೆ ಬಿದ್ದಾಗ ಕೂಸು ಅತ್ತಿತು. ಹೆಣ್ಣು ಮಗು. ನಾನು ತಮಟೆಯ ಮೇಲೆ ಮುಖ ಇಟ್ಟುಕೊಂಡು ಅದಕ್ಕಿಂತ ಜೋರಾಗಿ ಅತ್ತೆ.

ಅಂದು ಸೂಲಗಿತ್ತಿ ಯಾವ ಪ್ರಶ್ನೆಗೂ ಉತ್ತರ ಹೇಳದೆ ತನ್ನ ಊರಿಗೆ ಹೋದಳು. ಮಗಳು ಬಂದ ಹೊರಸಿನ ಮೇಲೆಯೇ ತಾಯಿ, ಮಗಳು, ಮೊಮ್ಮಗಳು ಮೂವರನ್ನೂ ಹೊತ್ತು ತಂದೆವು. ಹಿಂದೆ ಆ ಗಡಿಯ ಒಲೆಯಿಂದ ಮನೆಗೊಂದು ಕುಡಿಕೆ ಕೆಂಡ ಬಂತು. ಸಂಜೆ ಕೊಂಬು ಊದಿತು. ರೂಢಿಯ ಮೇಲೆ ಜನ ನೀರಿನ ಚೊಂಬು ಹುಡುಕಿದರು. ಸೂಲಗಿತ್ತಿ ಮಲಗಿದ್ದಲ್ಲಿಂದಲೇ ಹೇಳಿಸಿದಳು, "ನೀರು ಹೊಯ್ಯಬ್ಯಾಡಿ. ಬೆರಣಿ ಚೂರು ಇಟ್ಟು ಬೂದಿ ಮುಚ್ಚಿ. ನಮ್ಮಜ್ಜಿ ಹಂಗೇ ಮಾಡ್ತಿದ್ಳು." ಬೆಳಗ್ಗೆ ಬೂದಿ ಸರಿಸಿದರೆ ಕೆಂಪಗೆ ಕಣ್ಣು ಬಿಟ್ಟಿತು ಕೆಂಡ. ಆಗಲೇ ನಮಗೆ ತಿಳಿದದ್ದು, ಇಷ್ಟು ಕಾಲ ನಮ್ಮ ಒಲೆ ಆರಿಸುತ್ತಿದ್ದದ್ದು ನಮ್ಮ ಕೈಗಳೇ ಅಂತ.

ಕೋಟೆಯವರು ಸುಮ್ಮನಿರಲಿಲ್ಲ. ನನ್ನ ಬೆನ್ನಿಗೆ ಹನ್ನೆರಡು ಛಡಿ ಬಿತ್ತು, ಗುರುತು ಇನ್ನೂ ಇದೆ. ಮನೆ ಮನೆಗೆ ನುಗ್ಗಿ ಒಲೆಗೆ ನೀರು ಸುರಿದರು. ಒಂದು ಮನೆಯಲ್ಲಿ ಆರಿಸಿದರೆ ಪಕ್ಕದ ಮನೆಯಿಂದ ಕೆಂಡ ಬರುತ್ತಿತ್ತು, ಯಾರೂ ಏನೂ ಕೇಳದೆ. ತಮಟೆ ಹೊರಲು ಊರಿನ ಒಬ್ಬನೂ ಸಿಗಲಿಲ್ಲ. ಆಮೇಲಾಮೇಲೆ ನೀರು ಹೊರುವವರಿಗೇ ಸಾಕಾಯಿತು.

ಆದರೆ ಸೂಲಗಿತ್ತಿ ಏಳಲಿಲ್ಲ. ಗಂಜಿ ಕೊಟ್ಟೆವು, ನಿಲ್ಲಲಿಲ್ಲ. ಹದಿನಾರು ದಿನದಲ್ಲಿ ಆ ಹೊಟ್ಟೆ ಅನ್ನವನ್ನು ಮರೆತುಬಿಟ್ಟಿತ್ತು. ಮೊಮ್ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಂಡು, ಒಲೆಯ ಕಡೆ ಮುಖ ಮಾಡಿ, ಒಂಬತ್ತನೆಯ ದಿನ ಬೆಳಗಿನಲ್ಲಿ ಹೋದಳು. ನನ್ನ ಅವ್ವ ಸತ್ತಾಗಲೂ ನಾನು ಹಾಗೆ ಗೋಳಾಡಿರಲಿಲ್ಲ.

ಅಂದು ಊರಿನಲ್ಲಿ ಯಾರೂ ಒಲೆ ಹೊತ್ತಿಸಲಿಲ್ಲ. ಯಾರೂ ಯಾರಿಗೂ ಹೇಳಲಿಲ್ಲ. ಕೋಟೆಯ ಮೇಲಿನಿಂದ ನೋಡಿದವರಿಗೆ ಒಂದು ಮಾಡಿನಲ್ಲೂ ಹೊಗೆ ಕಾಣಲಿಲ್ಲ. ಅವರಿಗೆ ಖುಷಿಯೋ ಖುಷಿ. ದೊಡ್ಡ ಬಾಗಿಲು ತೆರೆಸಿದರು, ಕೆಂಡದ ರಾಶಿ ಹಾಕಿಸಿದರು. ಬಡಿಯುವವನಿಲ್ಲದೆ ಪಾರುಪತ್ಯಗಾರರೇ ತಮಟೆ ಬಡಿದರು, ಮೂರು ಸಲ. ಆಮೇಲೆ ಇನ್ನೂ ಮೂರು ಸಲ. ಯಾರೂ ಹೋಗಲಿಲ್ಲ.

ಕೊನೆಗೆ ಅವರೇ ಕೈಯಲ್ಲಿ ಒಂದು ಕುಡಿಕೆ ಕೆಂಡ ಹಿಡಿದು ಬೀದಿಗೆ ಬಂದರು. ಸೂಲಗಿತ್ತಿಯ ಜಗಲಿಯ ಮೇಲೆ ನಾನು ಕೂತಿದ್ದೆ.

"ನಿಮ್ಮ ಬೆಂಕಿ ಆರಿಹೋಯಿತೇ?" ಅಂತ ಕೇಳಿದರು.

"ಇಲ್ಲ. ಒಳಗೈತೆ, ಬೂದಿಯಡಿ."

"ಮತ್ತೇಕೆ ಹೊತ್ತಿಸಿಲ್ಲ?"

"ನಮ್ಮ ಮನೇಲಿ ಸಾವಾಗಿದೆ."

ಅವರು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಎಲ್ಲ ಜಗಲಿಯ ಮೇಲೂ ಜನ ಸುಮ್ಮನೆ ಕೂತಿದ್ದರು.

"ಎಲ್ಲ ಮನೆಯಲ್ಲೂ?"

"ಎಲ್ಲ ಮನೇಲೂ," ಅಂದೆ.

ಅವರು ತಮ್ಮ ಕೈಯ ಕುಡಿಕೆ ನೋಡಿಕೊಂಡರು. ಕುಡಿಕೆಯಲ್ಲಿನ ಕೆಂಡದ ಮೇಲೆ ಬೂದಿ ಕೂರತೊಡಗಿತ್ತು. ಆಮೇಲೆ ಬಂದ ದಾರಿಯಲ್ಲೇ ತಿರುಗಿ ಹೋದರು. ಮೂರನೆಯ ದಿನ ಬೆಳಗ್ಗೆ ಸೂಲಗಿತ್ತಿಯ ಮಗಳು ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿ, ಒಳಗೆ ಹೋಗಿ, ಬೂದಿ ಸರಿಸಿ ಊದಿದಳು.